ಪಾಯಿಂಟ್ ಎಲ್ಲಿ ಬೇಕು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ನಮ್ಮ ಮನೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ವಾಸಿ. ತವರಿನಲ್ಲಿದ್ದಾಗ ಅಮ್ಮ, "ಇವಳ ಬಾಯಿಗೆ ಬೀಗ ಹಾಕಿದ್ರೂ ಮಾತು ಕಿಂಡಿಯಾಗ ಬರ್ತೈತಿ" ಅನ್ನುತ್ತಿದ್ದಳು. ಉಡುತಡಿ ಕಡೆಯಿಂದ ಮದುವೆಯಾಗಿ ಉಳವಿಗೆ ಬಂದು ಮೂವತ್ತು ವರ್ಷ ದಾಟಿದವು. ಮಾತಿನ ಧಾಟಿ ಬದಲಾಯಿತು, "ಐತಿ" ಹೋಗಿ "ಅದೆ" ಬಂತು, ಬಾಯಿ ಮಾತ್ರ ಹಾಗೇ ಉಳಿಯಿತು. ಆ ಬಾಯಿಂದಲೇ ನನ್ನ ಅಕ್ಕನನ್ನು ನೋಯಿಸಿದೆ. ಮನೆಗೆ ಇಂಟರ್ನೆಟ್ಟಿನ ಫೈಬರ್ ಹಾಕಿಸಲೇಬೇಕು ಅಂತ ನಾನು ಹಟ ಹಿಡಿದದ್ದು ಆ ಕಾರಣಕ್ಕೆ. ಊರವರು ಮಾತ್ರ ಧಾರಾವಾಹಿ ನೋಡುವುದಕ್ಕೆ ಅಂದುಕೊಂಡರು.

ಅಕ್ಕ ಇರುವುದು ಶಿಕಾರಿಪುರದಲ್ಲಿ, ಮಗ ಸೊಸೆಯ ಜೊತೆ. ನನಗಿಂತ ಹತ್ತು ವರ್ಷ ದೊಡ್ಡವಳು. ನನ್ನ ತಲೆ ಬಾಚಿದವಳು, ಹೇನು ತೆಗೆದವಳು, ನಾನು ಮಾಡಿದ ತಪ್ಪಿಗೆ ಅಮ್ಮನ ಕೈಯಲ್ಲಿ ಏಟು ತಿಂದವಳು. ಅವಳ ಕಿವಿ ವರ್ಷ ವರ್ಷಕ್ಕೂ ಮಂದವಾಗುತ್ತಾ ಬಂದು, ಈಗ ಪೂರಾ ನಿಂತುಹೋಗಿದೆ. ಕಿವಿಗೆ ಇಡುವ ಮಿಷನ್ ಕೊಡಿಸಿದ್ದರು. ಎರಡು ದಿನ ಹಾಕಿಕೊಂಡು, "ಕಿವಿಯಾಗ ಜೀರುಂಡೆ ಕುಂತಂಗಾಗ್ತೈತಿ" ಅಂತ ತೆಗೆದು ಡಬ್ಬಿಗೆ ಹಾಕಿದಳು. ಅಂದಿನಿಂದ ಎದುರಿಗಿದ್ದವರ ತುಟಿ ನೋಡಿ ಮಾತು ತಿಳಿಯುವುದನ್ನು ತಾನೇ ಕಲಿತುಕೊಂಡಿದ್ದಾಳೆ.

ಅವಳ ಮೊಮ್ಮಗುವಿನ ನಾಮಕರಣಕ್ಕೆ ಹೋಗಿದ್ದೆ. ಅಡುಗೆಮನೆಯಲ್ಲಿ ಗದ್ದಲ. ಕೋಸಂಬರಿಗೆ ಉಪ್ಪು ಹಾಕಿದ್ದೀಯಾ ಅಂತ ಕೇಳಿದೆ. "ಹೂಂ, ಸೊಪ್ಪು ತಂದಾರ" ಅಂದಳು. ಸೊಪ್ಪಲ್ಲ ಮಾರಾಯ್ತಿ, ಉಪ್ಪು ಅಂದೆ. "ಅದನ್ನ ಹೇಳಿದ್ದು, ಸೊಪ್ಪು ಬಂತು, ತೊಳಿಯಾಕ ಇಟ್ಟಾರ" ಅಂದಳು. ಮೂರನೇ ಸಲಕ್ಕೆ ನನಗೆ ರೇಗಿತು. "ನಿನ್ನ ಹತ್ರ ಮಾತಾಡೋದಕ್ಕಿಂತ ಬಟ್ಟೆ ಒಗಿಯೋ ಕಲ್ಲಿನ ಹತ್ರ ಮಾತಾಡೋದು ವಾಸಿ, ಅದು ತಿರುಗಿ ಸದ್ದಾದ್ರೂ ಮಾಡ್ತದೆ" ಅಂದುಬಿಟ್ಟೆ. ಸುತ್ತ ಇದ್ದ ಹೆಂಗಸರು ಗೊಳ್ಳೆಂದು ನಕ್ಕರು. ಅವರ ಜೊತೆ ನಾನೂ ನಕ್ಕೆ. ಅವಳಿಗೆಲ್ಲಿ ಕೇಳಿಸುತ್ತದೆ ಅನ್ನುವ ಧೈರ್ಯ ನನಗೆ.

ಆದರೆ ನಾನು ಅವಳ ಎದುರಿಗೇ ನಿಂತಿದ್ದೆ. ಉಪ್ಪನ್ನು ಸೊಪ್ಪೆಂದು ಓದಿದವಳು ಈ ಮಾತನ್ನು ಮಾತ್ರ ಒಂದಕ್ಷರ ತಪ್ಪದೆ ಓದಿದ್ದಳು. ಸೆರಗಿಗೆ ಕೈ ಒರೆಸಿಕೊಂಡು, "ಹಂಗಾದ್ರ ಆ ಕಲ್ಲಿನ ಕೂಡೇ ಮಾತಾಡ್ಕೊಂಡಿರು ಹೋಗು" ಅಂದಳು. ಮಾಡಿದ್ದು ನಾನು, ಸಿಟ್ಟು ಬಂದದ್ದೂ ನನಗೇ. ಊಟಕ್ಕೂ ನಿಲ್ಲದೆ ಬಸ್ ಹತ್ತಿದೆ.

ಮೊದಲ ಎರಡು ತಿಂಗಳು ಬೇಕೆಂದೇ ಹೋಗಲಿಲ್ಲ. ಆಮೇಲೆ ಹೋಗಬೇಕು ಅನ್ನಿಸುವ ಹೊತ್ತಿಗೆ, ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲೇ ಜಾರಿ ಬಿದ್ದು ಬಲಗಾಲಿನ ಗಿಣ್ಣು ಮುರಿದುಕೊಂಡೆ. ದಿನಕ್ಕೆ ಹತ್ತು ಮಾತಾಡದ ನಮ್ಮ ಮನೆಯವರು ಅವತ್ತು, "ಕಲ್ಲಿಗೂ ಕೇಳ್ಸಿತ್ತು ಅನ್ಸುತ್ತೆ" ಅಂದರು. ಪ್ಲಾಸ್ಟರ್ ಬಿಚ್ಚಿದ ಮೇಲೂ ಕೋಲು ಹಿಡಿದೇ ನಡೆಯುವ ಸ್ಥಿತಿ. ಉಳವಿಯಿಂದ ಸೊರಬ, ಸೊರಬದಿಂದ ಶಿರಾಳಕೊಪ್ಪ, ಅಲ್ಲಿಂದ ಶಿಕಾರಿಪುರ ಅಂತ ಬಸ್ ಹತ್ತಿ ಇಳಿಯುವುದು ಸದ್ಯಕ್ಕೆ ಬೇಡವೇ ಬೇಡ ಅಂತ ಡಾಕ್ಟರು ಹೇಳಿಬಿಟ್ಟರು. ಅಕ್ಕನೋ, ಹಾರನ್ ಕೇಳಿಸದ ಭಯಕ್ಕೆ ಓಣಿ ದಾಟುವುದನ್ನೇ ಬಿಟ್ಟವಳು.

ನಾನು ಬಿದ್ದ ಸುದ್ದಿ ತಿಳಿದ ದಿನದಿಂದ ಅಕ್ಕ ಸಾಯಂಕಾಲ ನಾಲ್ಕಕ್ಕೆ ಸರಿಯಾಗಿ ಫೋನ್ ಮಾಡತೊಡಗಿದಳು. ಕೇಳಿಸುವುದಿಲ್ಲ, ಆದರೂ ಮಾಡುತ್ತಾಳೆ. ಸೊಸೆ ನಂಬರ್ ಒತ್ತಿ ಕೊಡುತ್ತಾಳೆ. ಇವಳು ಏನು ಅಡುಗೆ, ಯಾರು ಬಂದಿದ್ದರು, ಮೊಮ್ಮಗು ಹೇಗೆ ಮಗುಚಿತು ಎಲ್ಲ ಹೇಳುತ್ತಾಳೆ. ನಡುನಡುವೆ ನಾನು ಹೂಂ ಅನ್ನುವುದಕ್ಕೆ ಅಂದಾಜಿನ ಮೇಲೆ ಸ್ವಲ್ಪ ಜಾಗ ಬಿಡುತ್ತಾಳೆ. ಕೊನೆಗೆ ಒಂದೇ ಪ್ರಶ್ನೆ.

"ಸಿಟ್ಟು ಹೋತೇನು?"

ಕಾಯುತ್ತಾಳೆ. ನಾನು ಈ ಕಡೆಯಿಂದ "ಹೋಯ್ತು ಅಕ್ಕ, ಹೋಯ್ತು" ಅಂತ ಕಿರುಚುತ್ತೇನೆ. ಮಾಡಿನ ಮೇಲಿನ ಕಾಗೆ ಹಾರಿಹೋಗುತ್ತದೆ. ಅವಳು, "ಸರಿ, ನಾಳೆ ಮಾಡ್ತೀನಿ" ಅಂತ ಫೋನ್ ಇಡುತ್ತಾಳೆ. ಮಾರನೇ ದಿನ ಮತ್ತದೇ ನಾಲ್ಕು ಗಂಟೆ, ಅದೇ ಪ್ರಶ್ನೆ. ಸಿಟ್ಟು ಯಾರಿಗೆ ಬರಬೇಕಿತ್ತು, ಕೇಳುತ್ತಿರುವವರು ಯಾರು ನೋಡಿ.

ಸೊಸೆಯ ಕೈಲಿ ಹೇಳಿ ಕಳಿಸಿದೆ. ಆ ಹುಡುಗಿ ಅತ್ತೆಯ ಎದುರು ನಿಂತು, ಚಿಕ್ಕಮ್ಮಂಗೆ ಸಿಟ್ಟಿಲ್ಲಂತೆ, ತಪ್ಪಾಯ್ತಂತೆ ಅಂತ ತುಟಿ ಬಿಡಿಸಿ ಹೇಳಿದಳಂತೆ. ಅಕ್ಕ ಒಪ್ಪಲಿಲ್ಲ. "ನಡುವೆ ನೀ ಯಾಕ? ಅಂದ ಬಾಯಿ ಅವಳದು. ಅವಳ ಹೇಳ್ಲಿ, ನಾ ನೋಡ್ತೀನಿ" ಅಂದಳಂತೆ. ಬರೆದು ಕಳಿಸೋಣ ಅಂದರೆ ಅಕ್ಕನಿಗೆ ಓದು ಬಾರದು. ಉಳಿದದ್ದು ವಿಡಿಯೊ ಕಾಲ್ ಒಂದೇ. ನಮ್ಮ ಮನೆಯಲ್ಲಿ ಸಿಗ್ನಲ್ ಅಂದರೆ ಬಚ್ಚಲುಮನೆಯ ತಾರಸಿಯ ನೀರಿನ ಟ್ಯಾಂಕಿನ ಪಕ್ಕ ಎರಡು ಕಡ್ಡಿ, ಅಷ್ಟೇ. ಒಂದು ದಿನ ಮೆಟ್ಟಿಲನ್ನು ಕುಂಡೆಯ ಮೇಲೆ ಕೂತು ಕೂತು ಹತ್ತಿ ಪ್ರಯತ್ನಪಟ್ಟೆ. ನಾನು ಬಾಯಿ ತೆರೆದಾಗ ಚಿತ್ರ ನಿಂತುಹೋಯಿತು. ಅಕ್ಕ, "ಯಾಕ ಬಾಯಿ ತಕ್ಕೊಂಡು ಹಂಗ ಕುಂತಿ? ಹಲ್ಲು ನೋವೇನು?" ಅಂತ ಕೇಳಿದಳು. ಇಳಿಯುವಾಗ ನನಗೆ ಅಳುವೇ ಬಂತು.

ಅಂಥ ಹೊತ್ತಿಗೆ ಫೈಬರ್ ವೈರು ನಮ್ಮ ಮನೆ ಹತ್ತಿರದ ಕಂಬದವರೆಗೆ ಬಂತು. ಮೊದಲಿಂದ ಟಿವಿ ಕೇಬಲ್ ನೋಡಿಕೊಳ್ಳುತ್ತಿದ್ದ ಶಿರಾಳಕೊಪ್ಪ ಕಡೆಯ ಒಬ್ಬರು ಈಗ ಇದನ್ನೂ ಹಾಕುತ್ತಿದ್ದರು. ಐವತ್ತು ದಾಟಿದ ನಿಧಾನಸ್ಥ ಮನುಷ್ಯ. ಫೋನ್ ಮಾಡಿ ಕೇಳಿದಾಗ ಅವರು ಹೇಳಿದ್ದು ಇಷ್ಟು: "ಮನಿ ಒಳಗ ಪಾಯಿಂಟ್ ಎಲ್ಲಿ ಬೇಕಂತ ಮೊದ್ಲ ಯೋಚ್ನೆ ಮಾಡಿಡ್ರಿ ಅಕ್ಕಾರೆ. ಒಂದ ಪಾಯಿಂಟ್. ಒಳಗಿರೋದು ಗಾಜಿನ ಎಳಿ. ಆಮ್ಯಾಲೆ ಅಲ್ಲಿಂದ ಇಲ್ಲಿಗೆ ಅಂತ ಎಳ್ದಾಡಾಕ ಬರಂಗಿಲ್ಲ."

ಅಲ್ಲಿಂದ ಶುರುವಾಯಿತು ನನ್ನ ತಲೆಬಿಸಿ.

ಹಳೆಯ ಕ್ಯಾಲೆಂಡರಿನ ಹಾಳೆ ಮಗುಚಿ ಮನೆಯ ನಕ್ಷೆ ಬರೆದೆ. ಮುಂದೆ ಪಡಸಾಲೆ, ಆಮೇಲೆ ನಡುಮನೆ, ಪಕ್ಕಕ್ಕೆ ದೇವರಕೋಣೆ, ಹಿಂದೆ ಅಡುಗೆಮನೆ, ಅದರಾಚೆ ಹಿತ್ತಲು. ಬರೆಯುವುದು ಸುಲಭ, ಆರಿಸುವುದು ಕಷ್ಟ. ನಮ್ಮದು ಎರಡಡಿ ದಪ್ಪದ ಮಣ್ಣಿನ ಗೋಡೆಯ ಮನೆ. ಆ ದಪ್ಪದಲ್ಲಿ ವೈಫೈ ದಾಟುವುದು ಕಷ್ಟ, ಬಾಗಿಲು ತೆರೆದಿದ್ದರೆ ಅಷ್ಟಿಷ್ಟು ಬರುತ್ತದೆ ಅಂತ ಕೇಬಲ್‌ನವರು ಹೇಳಿದ್ದರು. ಹಾಗಾದರೆ ಅದು ಗಾಳಿಯ ಹಾಗೆ ಬರುತ್ತದೋ, ಬೆಳಕಿನ ಹಾಗೆ ನೆಟ್ಟಗೆ ಬರುತ್ತದೋ? ತಿರುವಿನಲ್ಲಿ ತಿರುಗುತ್ತದೋ? ಪರದೆ ಇದ್ದರೆ? ಕೇಳೋಣವೆಂದರೆ ಪದೇಪದೇ ಫೋನ್ ಮಾಡಿ ಅವರ ಕೈಲಿ ಬೈಸಿಕೊಳ್ಳುವ ಭಯ. ಹೂ ಕಟ್ಟುವ ದಾರದ ಉಂಡೆ ತೆಗೆದುಕೊಂಡು, ಅಡುಗೆಮನೆಯ ಮೊಳೆಗೆ ಒಂದು ತುದಿ ಕಟ್ಟಿ, ಬಾಗಿಲಿಂದ ಬಾಗಿಲಿಗೆ ಎಳೆದು, ಎಲ್ಲೆಲ್ಲಿ ಗೋಡೆಗೆ ತಾಗುತ್ತದೆ ಅಂತ ನೋಡಿದೆ. ನಮ್ಮ ಮಾವ ನಡುಮನೆಗೆ ಬಂದವರು ದಾರಕ್ಕೆ ಸಿಕ್ಕಿ ನಿಂತರು.

"ಎಂತ ಮಗಾ ಇದು? ಮನೆಯೊಳಗೆ ತೊಂಡೆ ಚಪ್ಪರ ಹಾಕ್ತಿದ್ಯಾ?"

"ಇಂಟರ್ನೆಟ್ ಹೋಗೋ ದಾರಿ ನೋಡ್ತಿದೀನಿ ಮಾವ."

"ಕಾಣ್ತಾ?"

ಮಾವನಿಗೆ ಎಂಬತ್ತು ದಾಟಿದೆ. ಕೇಳುವುದು ಹೀಗೆಯೇ, ನಗುವುದಿಲ್ಲ.

ದೇವರಕೋಣೆಯ ಗೋಡೆ ನಡುವೆ ಇದೆ, ಎಲ್ಲ ಕಡೆಗೂ ಹತ್ತಿರ ಅಂದರೆ, ಆ ಗೋಡೆಗೆ ತೂತು ಬೇಡ ಅಂತ ಮಾವ ಹೇಳಿದರು. ಅಡುಗೆಮನೆಯಲ್ಲಿ ಒಗ್ಗರಣೆ ಹೊಗೆ. ನಮ್ಮ ಮನೆಯವರನ್ನು ಕೇಳಿದರೆ, "ಟಿವಿ ಹತ್ರ ಇದ್ರೆ ಒಳ್ಳೇದಿತ್ತು, ನಿಂಗೆ ಹೆಂಗೆ ಅನ್ಸುತ್ತೋ ಹಂಗೆ" ಅನ್ನುವ ಉತ್ತರ. ನಿಂಗೆ ಹೆಂಗೆ ಅನ್ಸುತ್ತೋ ಹಂಗೆ ಅನ್ನುವವರಷ್ಟು ತಲೆ ತಿನ್ನುವವರು ಬೇರೆ ಯಾರೂ ಇಲ್ಲ. ಕೊನೆಗೆ ನಾನೇ ತೀರ್ಮಾನ ಮಾಡಿದೆ. ಪಡಸಾಲೆ. ಅಲ್ಲಿ ಕೈ ಇರುವ ಮರದ ಕುರ್ಚಿ ಇದೆ. ಬೆನ್ನಿಗೆ ದೊಡ್ಡ ಕಿಟಕಿ, ಗಾಳಿ ಬರುತ್ತದೆ. ಆ ಕುರ್ಚಿಯಲ್ಲಿ ಒಳ್ಳೆ ಸೀರೆ ಉಟ್ಟು ಕೂತು ಅಕ್ಕನಿಗೆ ತಪ್ಪಾಯಿತು ಅನ್ನಬೇಕು ಅಂತ ನನ್ನ ಲೆಕ್ಕಾಚಾರ. ನಕ್ಷೆಯಲ್ಲಿ ಪಡಸಾಲೆಗೆ ಕೆಂಪು ಪೆನ್ನಿನಿಂದ ಸುತ್ತು ಹಾಕಿ, ಹಾಳೆಯನ್ನು ಮಡಿಸಿ ಸಕ್ಕರೆ ಡಬ್ಬಿಯ ಕೆಳಗಿಟ್ಟೆ. ಶುಕ್ರವಾರ ಬರುತ್ತೇನೆ ಅಂತ ಕೇಬಲ್‌ನವರು ಮೊದಲೇ ಹೇಳಿದ್ದರು, ಅಕ್ಕನ ಸೊಸೆಗೂ ತಿಳಿಸಿದ್ದೆ.

ಬುಧವಾರ ನಾನು ಸ್ನಾನಕ್ಕೆ ಹೋಗಿದ್ದಾಗ ಕೇಬಲ್‌ನವರು ಫೋನ್ ಮಾಡಿದರು. ತೆಗೆದುಕೊಂಡವರು ಮಾವ. ಮಾವನ ಕಿವಿ ಹದ್ದಿನ ಕಣ್ಣಿನಷ್ಟು ಚುರುಕು. ತೊಂದರೆ ಆದದ್ದು ಕಿವಿಯಿಂದ ಅಲ್ಲ. ಕೇಳಿಸಬೇಕಾದ್ದೆಲ್ಲ ಸರಿಯಾಗಿಯೇ ಕೇಳಿಸಿತ್ತು. "ಪಾಯಿಂಟ್ ಗುರುತು ಮಾಡಿಡ್ರಿ ಅಜ್ಜಾರೆ, ಶುಕ್ರವಾರ ಬಂದು ಹೊಡಿತೀವಿ. ಒಂದ್ಸಲ ಹೊಡೆದ ಮ್ಯಾಲೆ ಬದಲಿ ಮಾಡಾಕ ಬರಂಗಿಲ್ಲ. ಮನಿಗೆಲ್ಲಾ ಬರಂಗಿರಬೇಕು ನೋಡ್ರಿ" ಅಂದರಂತೆ. ನಮ್ಮ ಕಡೆ ಪಾಯಿಂಟ್ ಅಂದರೆ ಬೋರ್‌ವೆಲ್ ಪಾಯಿಂಟ್. ನೀರು ನೋಡುವವರನ್ನು ಕರೆಸುತ್ತಾರೆ, ಅವರು ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಜಾಗವೆಲ್ಲ ನಡೆಯುತ್ತಾರೆ, ನೀರಿರುವ ಕಡೆ ಕಾಯಿ ಎದ್ದು ನಿಲ್ಲುತ್ತದೆ ಅನ್ನುವುದು ನಂಬಿಕೆ. ಅದೇ ಪಾಯಿಂಟ್. ಆಮೇಲೆ ಲಾರಿ ಬಂದು ಹೊಡೆಯುತ್ತದೆ.

ಬೋರ್ ಹೊಡೆಸು ಅಂತ ಮಾವ ಮಗನಿಗೆ ಹೇಳುತ್ತಾ ಬಂದು ಎಷ್ಟೋ ವರ್ಷವಾಗಿತ್ತು. ನೋಡಣ ಅನ್ನುವುದು ಮಗನ ಉತ್ತರ. ಈಗ ಈ ಫೋನ್ ಬಂದಾಗ, ಮಗ ತನಗೆ ಹೇಳದೆ ಗುಟ್ಟಾಗಿ ಏರ್ಪಾಟು ಮಾಡಿದ್ದಾನೆ ಅಂತ ಮಾವ ತಿಳಿದುಕೊಂಡರು. ಖುಷಿಯಿಂದ ಯಾರಿಗೂ ಏನೂ ಹೇಳಲಿಲ್ಲ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಗುರುವಾರ ಅಡುಗೆಮನೆಯ ಕಿಟಕಿಯಿಂದ ನೋಡುತ್ತೇನೆ, ಪಕ್ಕದೂರಿನ ಒಬ್ಬರು ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ನಮ್ಮ ಹಿತ್ತಲಲ್ಲಿ ಮೆಲ್ಲಗೆ ನಡೆಯುತ್ತಿದ್ದಾರೆ. ಹಿಂದೆ ಮಾವ, ಕೈಕಟ್ಟಿಕೊಂಡು. ಅವರು ಹೋದ ಮೇಲೆ ಮಾವನನ್ನು ಕೇಳಿದೆ.

"ಎಂತ ನೋಡಿದ್ರು ಮಾವ ಅವರು?"

"ಪಾಯಿಂಟ್."

ಕೋಳಿಗೂಡಿಗೂ ದಿಕ್ಕು ಕೇಳುವ ಮಾವ, ಇಂಟರ್ನೆಟ್ ಡಬ್ಬಿಗೂ ಕೇಳಿಸಿದರು ಅಂದುಕೊಂಡೆ. ನೀರು ನೋಡುವವರು ಇದನ್ನೂ ನೋಡುತ್ತಾರೇನೋ, ಈಗಿನ ಕಾಲದಲ್ಲಿ ಯಾರು ಏನು ನೋಡುತ್ತಾರೋ ಯಾರಿಗೆ ಗೊತ್ತು.

"ಎಲ್ಲಿ ಬಂತು?"

"ಹಿತ್ತಲಲ್ಲಿ. ಒಗಿಯೋ ಕಲ್ಲಿನ ಪಕ್ಕ. ಕಾಯಿ ಸೆಟೆದು ನಿಂತೇಬಿಡ್ತು."

"ಹಿತ್ತಲಲ್ಲಾ? ನಾನು ಪಡಸಾಲೆ ಅಂತ ಬರೆದಿಟ್ಟಿದ್ದೆ."

ಮಾವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಪಡಸಾಲೇಲಿ ಯಾರಾದ್ರೂ ಹೊಡೆಸ್ತಾರೇನೇ? ಮನೆ ನಿಲ್ತದಾ?"

"ಸಣ್ಣ ತೂತು ಅಲ್ವಾ ಮಾವ?"

"ಆರಿಂಚು ಅಂದ್ರೆ ಸಣ್ಣದಾ?"

ಕಿರುಬೆರಳಷ್ಟು ತೂತು ಅಂತ ಕೇಬಲ್‌ನವರು ಹೇಳಿದ್ದ ನೆನಪು. ಆದರೂ ಬಿಡದೆ ಕೇಳಿದೆ, "ಹೊರಗಿದ್ರೆ ಮಳೆ ಬಂದಾಗ ನೀರು ಹೋಗಲ್ವಾ ಒಳಗೆ?"

"ಹೋಗ್ಲಿ ಬಿಡು. ಹೋದಷ್ಟೂ ಒಳ್ಳೇದು."

ನಾನು ಒಳಗೆ ಬಂದು ಒಂದು ಚೊಂಬು ನೀರು ಕುಡಿದೆ. ಸಾಯಂಕಾಲ ನಮ್ಮ ಮನೆಯವರು ಗದ್ದೆಯಿಂದ ಬಂದಾಗ ಹೇಳಿದೆ. ಆರಿಂಚು ತೂತಂತೆ ರೀ, ಹಿತ್ತಲಲ್ಲಂತೆ, ನೀರು ಹೋದರೆ ಒಳ್ಳೆಯದಂತೆ. ಅವರು ಕಾಲು ತೊಳೆಯುತ್ತಾ ಸ್ವಲ್ಪ ಹೊತ್ತು ಯೋಚಿಸಿದರು.

"ಹೊಸ ಟೆಕ್ನಾಲಜಿ ಇರ್ಬೇಕು" ಅಂದರು.

ಅವತ್ತು ನಾಲ್ಕು ಗಂಟೆಗೆ ಅಕ್ಕನ ಫೋನ್ ಬಂದಿತ್ತು. ಸೊಸೆ ಶುಕ್ರವಾರದ ವಿಷಯ ತಿಳಿಸಿದ್ದಳಂತೆ. "ನಾಳೆ ಮುಖ ಕಾಣ್ತೈತಂತ ಹೌದೇನು? ನಾಳೆ ಹೇಳುವಿಯಂತ ಬಿಡು" ಅಂದಳು. ಮೊದಲ ಸಲ ಆ ಪ್ರಶ್ನೆ ಕೇಳದೆ ಫೋನಿಟ್ಟಳು. ನನ್ನ ತಲೆಯೊಳಗೆ ಮಾತ್ರ ಆರಿಂಚಿನ ತೂತು ತಿರುಗುತ್ತಿತ್ತು. ನಾಳೆ ಇದು ಕೆಟ್ಟರೆ ಅಕ್ಕ ಏನು ತಿಳಿದುಕೊಳ್ಳುತ್ತಾಳೆ? ಬೇಕೆಂದೇ ತಪ್ಪಿಸಿದಳು ಅಂದುಕೊಳ್ಳುವುದಿಲ್ಲವೆ? ನಕ್ಷೆ ತೆಗೆದು ಮತ್ತೆ ನೋಡಿದೆ. ಪಡಸಾಲೆಯೋ ಹಿತ್ತಲೋ, ಗೋಡೆಗೋ ನೆಲಕ್ಕೋ, ಒಂದೂ ತಿಳಿಯಲಿಲ್ಲ.

ಶುಕ್ರವಾರ ಮಾವ ಬೆಳಿಗ್ಗೆಯೇ ಮಡಿ ಪಂಚೆ ಉಟ್ಟಿದ್ದರು. ಹಿತ್ತಲಲ್ಲಿ ಒಗೆಯುವ ಕಲ್ಲಿನ ಪಕ್ಕ ಸುಣ್ಣದಲ್ಲಿ ಒಂದು ದುಂಡು ಗೆರೆ, ನಡುವೆ ಗೂಟ, ಗೂಟಕ್ಕೆ ಕುಂಕುಮ, ಎರಡು ದಾಸವಾಳ. ಕಾಯಿ ಒಡೆದು ಎರಡು ಹೋಳು ಅಲ್ಲೇ ಇಟ್ಟಿದ್ದರು. ಆಮೇಲೆ ಗೇಟಿನ ಹತ್ತಿರ ಹೋಗಿ ನಿಂತರು. ಮಧ್ಯಾಹ್ನದ ಹೊತ್ತಿಗೆ ಕೇಬಲ್‌ನವರು ಬೈಕಿನಲ್ಲಿ ಬಂದರು. ಹಿಂದೆ ಕಪ್ಪು ವೈರಿನ ಸುರುಳಿ, ಹೆಗಲಿಗೆ ಒಂದು ಚೀಲ.

"ಬೈಕ್ ಆ ಕಡೆ ಇಡಿ, ಲಾರಿ ಬರ್ಬೇಕು" ಅಂದರು ಮಾವ.

"ಯಾವ ಲಾರಿ ಅಜ್ಜಾರೆ?"

"ನಿಮ್ಮದೇ."

"ನಾ ಬೈಕ್ ಮ್ಯಾಲೆ ಬಂದೀನಲ್ರೀ."

"ಮಿಷನ್ ಎಲ್ಲಿ ಹಂಗಾದ್ರೆ?"

ಅವರು ಚೀಲದಿಂದ ಗೋಡೆ ಕೊರೆಯುವ ಪುಟ್ಟ ಮಿಷನ್ ತೆಗೆದು ತೋರಿಸಿದರು. ಮೊಳದುದ್ದವೂ ಇಲ್ಲ. ಮಾವ ಅದನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದರು.

"ಇದರಲ್ಲಿ ನೀರು ಬರ್ತದಾ?"

ನಾನು ಬಾಗಿಲಲ್ಲಿ ಕೋಲೂರಿ ನಿಂತಿದ್ದೆ. ಆಗ ನನಗೆ ಒಮ್ಮೆಗೇ ಎಲ್ಲ ತಿಳಿಯಿತು. ಆರಿಂಚು, ಮಳೆನೀರು, ಪಡಸಾಲೆಯಲ್ಲಿ ಹೊಡೆಸಿದರೆ ಮನೆ ನಿಲ್ಲುತ್ತದಾ, ಎಲ್ಲವೂ. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ, ನಕ್ಕು ಊರಿಗೆಲ್ಲ ಹೇಳುತ್ತಿದ್ದೆ. ಆದರೆ ಮಾವನ ಮುಖ ನೋಡಿದೆ. ಅವರಿಗೂ ಅದೇ ಗಳಿಗೆಗೆ ತಿಳಿದಿತ್ತು. ಮಿಷನ್ ವಾಪಸು ಕೊಟ್ಟು, ಹಿತ್ತಲಿಗೆ ಹೋಗಿ, ಗೂಟದ ಮೇಲಿನ ದಾಸವಾಳ ತೆಗೆಯತೊಡಗಿದರು. ನಾಮಕರಣದ ದಿನ ಸೆರಗಿಗೆ ಕೈ ಒರೆಸಿಕೊಳ್ಳುವಾಗ ಅಕ್ಕನ ಮುಖ ಹೀಗೇ ಇತ್ತು. ಅವತ್ತು ನಾನು ನಕ್ಕಿದ್ದೆ.

ಕೇಬಲ್‌ನವರಿಗೂ ಪಾಪ ಅನ್ನಿಸಿರಬೇಕು. ಹಿತ್ತಲನ್ನೊಮ್ಮೆ ನೋಡಿ ಬಂದು, "ಕಂಬ ಹಿಂದಿನ ಓಣಿಯಾಗ ಐತಿ. ಹಿತ್ತಲ ಗೋಡಿಗೆ ಹಾಕಿದ್ರ ವೈರು ನೆಟ್ಟಗ ಬರ್ತೈತಿ. ಪಡಸಾಲಿಗೂ ಎಳೀಬಹುದು, ಮಾಡಿನ ಮ್ಯಾಲೆ ಸುತ್ತಿ ತರಬೇಕು. ನೀವ್ ಹೇಳ್ರಿ ಅಕ್ಕಾರೆ" ಅಂದರು.

ಮಾವ ಬಗ್ಗಿದಲ್ಲಿಂದಲೇ ಹೇಳಿದರು. "ಕಾಯಿ ಒಡೆದಾಗಿದೆ. ಒಡೆದ ಜಾಗಕ್ಕೆ ಎಂತಾದ್ರೂ ಒಂದು ಬರ್ಬೇಕಿತ್ತು."

ನನ್ನ ಕೈಯಲ್ಲಿ ಕ್ಯಾಲೆಂಡರಿನ ಹಾಳೆ ಇತ್ತು. ಪಡಸಾಲೆಗೆ ಕೆಂಪು ಸುತ್ತು. ನಾಲಿಗೆ ತುದಿಗೆ ಬಂದಿತ್ತು ಮಾತು, ಮಾಡಿನ ಮೇಲೆ ಸುತ್ತಿಯೇ ತನ್ನಿ ಅಂತ. ಹೇಗೆ ತಡೆದೆನೋ ಗೊತ್ತಿಲ್ಲ, ನನ್ನ ಆಯುಷ್ಯದಲ್ಲೇ ಅದು ಅಪರೂಪ.

"ಹಿತ್ತಲ ಗೋಡೆಗೇ ಹಾಕಿ" ಅಂದೆ.

ಹಿತ್ತಲ ಬಾಗಿಲ ಪಕ್ಕ, ಸೂರಿನ ಕೆಳಗೆ, ಸುಣ್ಣದ ಗೆರೆಗೆ ಮೂರು ಮಾರು ದೂರದಲ್ಲಿ ಬಿಳಿ ಡಬ್ಬಿ ಬಂತು. ತೂತು ಕೊರೆಯುವಾಗ ಮಣ್ಣಿನ ಗೋಡೆ ಪುಡಿಪುಡಿಯಾಗಿ ಉದುರಿತು. ಮಾವ ಅದನ್ನೇ ನೋಡುತ್ತಾ, ಎಷ್ಟು ಆಳ ಹೋಯಿತು ಅಂತ ಎರಡು ಸಲ ಕೇಳಿದರು. ಹಸಿರು ದೀಪ ಹತ್ತಿತು. ಪಡಸಾಲೆಗೆ ಸ್ವಲ್ಪ ಕಡಿಮೆ ಬರುತ್ತದೆ, ಬಾಗಿಲೆಲ್ಲ ತೆರೆದಿಡಿ ಅಂತ ಹೇಳಿ ಕೇಬಲ್‌ನವರು ಹೊರಟರು.

ನಾನು ಬಾಗಿಲೆಲ್ಲ ತೆರೆದಿಟ್ಟು, ಪರದೆಗಳನ್ನು ಗಂಟು ಹಾಕಿ, ನಾಲ್ಕಕ್ಕೆ ಮೊದಲೇ ಪಡಸಾಲೆಯ ಕುರ್ಚಿಯಲ್ಲಿ ಕೂತೆ. ಸೀರೆ ಬದಲಿಸಿದ್ದೆ. ಫೋನ್ ಬಂತು. ಅಕ್ಕನ ಮುಖ ಬಂತು. ಎಷ್ಟು ತಿಂಗಳ ಮೇಲೆ ನೋಡುತ್ತಿದ್ದೆ, ಕೆನ್ನೆ ಇಳಿದಿತ್ತು. ನಾನು ಮಾತಾಡಿದೆ, ಅವಳು ಕಣ್ಣು ಕಿರಿದು ಮಾಡಿದಳು.

"ಯಾರದು? ಕರ್ರಗ ಕಾಣ್ತೈತಿ. ಬಾಯಿ ಎಲ್ಲೈತಿ?"

ದೀಪ ಹಾಕಿದೆ. ಫೋನನ್ನು ಹತ್ತಿರ ತಂದೆ, ದೂರ ಹಿಡಿದೆ. "ಒಂದೂ ಕಾಣವಲ್ದು" ಅಂದಳು ಅಕ್ಕ. ಅವಳ ಪಕ್ಕದಿಂದ ಸೊಸೆ ಕೂಗಿ ಹೇಳಿದಳು, "ಚಿಕ್ಕಮ್ಮಾ, ಕಿಟಕಿ ನಿಮ್ಮ ಬೆನ್ನಿಗೈತಿ. ಬೆಳಕು ಮುಖದ ಮ್ಯಾಲೆ ಬರ್ಬೇಕು. ತುಟಿ ಕಾಣದಿದ್ರ ಅತ್ತೆಗೆ ಏನೂ ತಿಳಿಯಂಗಿಲ್ಲ."

ದಾರ ಕಟ್ಟಿ ನೋಡಿದವಳು ನಾನು. ಗೋಡೆ ದಪ್ಪ, ಹೊಗೆ, ದೇವರು, ಟಿವಿ, ಗಾಳಿ, ಎಲ್ಲ ಯೋಚಿಸಿದ್ದೆ. ಅಕ್ಕ ನೋಡಬೇಕಾದದ್ದು ನನ್ನ ಬಾಯಿ ಅನ್ನುವುದೊಂದನ್ನು ಬಿಟ್ಟು. ಕುರ್ಚಿ ತಿರುಗಿಸಿ ಕಿಟಕಿಯ ಕಡೆ ಮುಖ ಮಾಡಿ ಗೋಡೆಯ ಮೂಲೆಗೆ ಹೋದೆ, ಅಲ್ಲಿಗೆ ವೈಫೈ ಬರಲಿಲ್ಲ, ಅಕ್ಕನ ಮುಖ ಚೌಕ ಚೌಕವಾಗಿ ಒಡೆದುಹೋಯಿತು. ನಡುಮನೆ ಮಬ್ಬು. ಅಡುಗೆಮನೆಯಲ್ಲಿ ಟ್ಯೂಬ್‌ಲೈಟ್ ಹತ್ತುವುದಕ್ಕೂ ಆರುವುದಕ್ಕೂ ಮನಸ್ಸು ಮಾಡದೆ ಮಿಣುಕುತ್ತಿತ್ತು. ಕೋಲು ಒಂದು ಕೈಯಲ್ಲಿ, ಫೋನ್ ಒಂದು ಕೈಯಲ್ಲಿ, ಸೀರೆಯ ನೆರಿಗೆ ಕಾಲಿಗೆ. ಅಕ್ಕ ಆ ಕಡೆಯಿಂದ, "ಯಾಕ ಮನಿಯೆಲ್ಲಾ ತಿರುಗಾಡ್ತಿ? ಮಾತಾಡಾಕ ಇಷ್ಟ ಇಲ್ಲೇನು?" ಅಂತ ಕೇಳಿದಳು. ಇಲ್ಲ ಅಂತ ತಲೆಯಾಡಿಸಿದೆ. ಆ ಇಲ್ಲ ಯಾವುದಕ್ಕೆ ಅಂತ ಅವಳು ತಿಳಿದಳೋ.

ಹಿತ್ತಲಿಂದ ಮಾವನ ದನಿ ಬಂತು. "ಬೆಳಕು ಇಲ್ಲಿ ಅದೆ ಮಗಾ."

ನಾಲ್ಕು ಗಂಟೆಯ ಬಿಸಿಲು ಹಿತ್ತಲ ತುಂಬ ಬಿದ್ದಿತ್ತು. ಫೋನಿನಲ್ಲಿ ಅಕ್ಕನ ಮುಖ ನೀರಿನಲ್ಲಿ ತೊಳೆದ ಹಾಗೆ ಸ್ವಚ್ಛವಾಯಿತು. ಆದರೆ ನಿಂತು ಮಾತಾಡುವ ಶಕ್ತಿ ನನ್ನ ಕಾಲಿಗಿರಲಿಲ್ಲ. ಕೂರಲು ಅಲ್ಲಿ ಇದ್ದದ್ದು ಒಂದೇ, ಬಿದ್ದ ದಿನದಿಂದ ನಾನು ಹತ್ತಿರ ಹೋಗದ ಕಲ್ಲು. ಮಾವ ಸುಣ್ಣದ ಗೆರೆಯ ಮೇಲಿದ್ದ ಕಾಯಿಹೋಳು ಪಕ್ಕಕ್ಕೆ ಸರಿಸಿ, ಕೋಲು ಹಿಡಿದುಕೊಂಡು, ನನ್ನನ್ನು ಮೆಲ್ಲಗೆ ಕೂರಿಸಿ ಒಳಗೆ ಹೋದರು.

ಅಕ್ಕ ನನ್ನನ್ನು ನೋಡಿದಳು. "ಹಾಂ. ಈಗ ಕಂಡಿ" ಅಂದಳು. ಆಮೇಲೆ ಕೇಳಿದಳು.

"ಸಿಟ್ಟು ಹೋತೇನು?"

ಕಾಯುತ್ತಿದ್ದಳು. ಈ ಸಲ ಕಣ್ಣು ನನ್ನ ತುಟಿಯ ಮೇಲಿತ್ತು.

"ಸಿಟ್ಟು ನಿನಗೆ ಬರ್ಬೇಕಿತ್ತು ಅಕ್ಕ. ಅನ್ನಬಾರದ್ದು ಅಂದೆ. ತಪ್ಪಾಯ್ತು."

"ಮೆಲ್ಲಕ ಹೇಳು. ಅಳಬ್ಯಾಡ, ತುಟಿ ನಡುಗಿದ್ರ ತಿಳಿಯಂಗಿಲ್ಲ."

ಕಣ್ಣೊರೆಸಿಕೊಂಡು, ಬಾಯಿ ದೊಡ್ಡದು ಮಾಡಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ತ-ಪ್ಪಾ-ಯ್ತು. ಅಕ್ಕ ಅದನ್ನು ತನ್ನ ತುಟಿಯಲ್ಲೂ ಒಮ್ಮೆ ಆಡಿಸಿ ನೋಡಿದಳು. ತಲೆಯಾಡಿಸಿದಳು. ಸೊಸೆಯ ಕಡೆ ತಿರುಗಿ, "ಹೇಳಿದ್ಲು ನೋಡು" ಅಂದಳು. ಆಮೇಲೆ ಫೋನಿಗೆ ಮುಖ ಹತ್ತಿರ ತಂದು, ನನ್ನ ಸುತ್ತ ಏನಿದೆ ಅಂತ ಹುಡುಕಿದಳು.

"ಯಾತರ ಮ್ಯಾಲೆ ಕುಂತೀ ನೀ?"

ಸುಳ್ಳು ಹೇಳೋಣವೆಂದರೆ ಅವಳು ಬಾಯಿ ಓದುವವಳು. ಫೋನ್ ಕೆಳಗೆ ತಿರುಗಿಸಿ ತೋರಿಸಿದೆ. ಸೋಪಿನ ಕಲೆ ಹಿಡಿದ ಕಲ್ಲು, ಪಕ್ಕದಲ್ಲಿ ಕುಂಕುಮ ಹಚ್ಚಿದ ಗೂಟ.

ಅಕ್ಕ ಬಹಳ ಹೊತ್ತು ನೋಡಿದಳು. ನಗುತ್ತಿದ್ದಾಳೋ ಏನೋ ಮೊದಲು ತಿಳಿಯಲಿಲ್ಲ.

"ಮತ್ತ, ಏನಂತೈತಿ ಅದು?" ಅಂತ ಕೇಳಿದಳು.

"ಏನೂ ಅನ್ನಲ್ಲ ಅಕ್ಕ" ಅಂದೆ, ತುಟಿ ಬಿಡಿಸಿ. "ನೀನೇ ಮಾತಾಡು."